ಎಸಿಎಲ್ ಹರಿದಿದೆ, ಮತ್ತೆ ರೈಡ್‌ಗೆ ಹೋಗಬಹುದಾ?

ಪ್ರಶ್ನೆ: ಸಾರ್, ನನಗೆ 22 ವರ್ಷ. ಮಂಡ್ಯ ಜಿಲ್ಲೆಯ ಹಳ್ಳಿಯವನು, ಕಬಡ್ಡಿಯಲ್ಲಿ ರೈಡರ್. ಎರಡು ತಿಂಗಳ ಹಿಂದೆ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ರೈಡ್ ಮುಗಿಸಿ ತಿರುಗುವಾಗ ಎಡಗಾಲು ನೆಲಕ್ಕೆ ಕಚ್ಚಿಕೊಂಡಿತು. ಹಿಡಿಯಲು ಬಂದವರ ಭಾರವೆಲ್ಲ ತೊಡೆಯ ಮೇಲೆ ಬಿತ್ತು. ಮಂಡಿಯೊಳಗೆ ‘ಟಕ್’ ಅಂತ ಸದ್ದಾಯಿತು. ರಾತ್ರಿಯೊಳಗೆ ಊದಿಕೊಂಡಿತು. ಮೂರು ವಾರ ನಾಟಿ ಕಟ್ಟು ಹಾಕಿಸಿದೆ. ಊತ ಇಳಿಯಿತು, ಈಗ ನಡೆಯುತ್ತೇನೆ. ಆದರೆ ಕಾಲು ಪೂರ್ತಿ ನೆಟ್ಟಗಾಗುವುದಿಲ್ಲ. ಎರಡು ಸಲ ಮಂಡಿ ಜಾರಿದಂತಾಗಿ ಬಿದ್ದೆ: ಒಮ್ಮೆ ಗದ್ದೆ ಬದುವಿನಿಂದ ಇಳಿಯುವಾಗ, ಒಮ್ಮೆ ಪ್ರಾಕ್ಟೀಸ್‌ನಲ್ಲಿ. ಎಸಿಎಲ್ ಅನ್ನುವ ಲಿಗಮೆಂಟ್ ಪೂರ್ತಿ ಹರಿದಿದೆ, ಒಳಬದಿಯ ಮೆನಿಸ್ಕಸ್ ಅನ್ನುವ ಮೆತ್ತೆ ಕೂಡ ಹರಿದಿದೆ ಅಂತ ಎಂಆರ್‌ಐನಲ್ಲಿ ಬಂದಿದೆ. ಒಬ್ಬ ಡಾಕ್ಟರ್ ಕೂಡಲೇ ಆಪರೇಷನ್ ಅಂದರು, ಇನ್ನೊಬ್ಬರು ವ್ಯಾಯಾಮ ಸಾಕು ಅಂದರು. ನಮ್ಮ ಟೀಮಿನ ಒಬ್ಬ ಆಪರೇಷನ್ ಆಗಿ ಆರೇ ತಿಂಗಳಿಗೆ ಆಡಿದ. ನಾನು ಏನು ಮಾಡಲಿ? ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೂ ತಯಾರಿ ನಡೆಸಿದ್ದೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಮತ್ತೆ ಕಬಡ್ಡಿ ಆಡಬೇಕು ಅಂದರೆ ಆಪರೇಷನ್ ಮಾಡಿಸಿಕೊಳ್ಳುವುದೇ ಒಳ್ಳೆಯದು. ಎಸಿಎಲ್ ಮಟ್ಟಿಗೆ ಅದು ನಾಳೆಯೇ ಆಗಬೇಕಿಲ್ಲ. ಆದರೆ ಕಾಲು ನೆಟ್ಟಗಾಗುತ್ತಿಲ್ಲ ಅಂತ ಬರೆದಿದ್ದೀರಲ್ಲ, ಅದು ಯಾಕೆ ಅನ್ನುವುದನ್ನು ಮಾತ್ರ ಈ ವಾರವೇ ತೋರಿಸಿಕೊಳ್ಳಿ. ಮತ್ತೆ ಮ್ಯಾಟ್ ಮೇಲೆ ಇಳಿಯುವುದಕ್ಕೆ ಆಪರೇಷನ್ ಆದ ದಿನದಿಂದ ಕಡಿಮೆ ಅಂದರೂ ಒಂಬತ್ತು ತಿಂಗಳು ಇಟ್ಟುಕೊಳ್ಳಿ. ನಿಮ್ಮ ಗೆಳೆಯ ಆರು ತಿಂಗಳಿಗೆ ಆಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆ ರಾತ್ರಿ ಮಂಡಿಯೊಳಗೆ ಏನಾಯಿತು ಅಂತ ಗೊತ್ತಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಎಸಿಎಲ್ ಅಂದರೆ ಮಂಡಿಯ ನಡುವೆ ಓರೆಯಾಗಿ ಹೋಗುವ ಒಂದು ಲಿಗಮೆಂಟ್. ಸುಮಾರು ಮೂರು ಸೆಂಟಿಮೀಟರ್ ಉದ್ದ, ಅಷ್ಟೇ. ಮೇಲಿನ ತೊಡೆ ಮೂಳೆಯನ್ನು ಕೆಳಗಿನ ಕಾಲಿನ ಮೂಳೆಗೆ ಹಿಡಿದಿಡುತ್ತದೆ. ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ತಿರುಗಿ ಹೋಗದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ನೇರವಾಗಿ ನಡೆಯುವಾಗ ಅದಕ್ಕೆ ಹೆಚ್ಚು ಕೆಲಸವಿಲ್ಲ. ಕಾಲೂರಿ ಗಕ್ಕನೆ ತಿರುಗಿದಾಗ, ಜಿಗಿದು ಒಂಟಿ ಕಾಲಿನ ಮೇಲೆ ಇಳಿದಾಗ, ಓಡುತ್ತಾ ಥಟ್ಟನೆ ನಿಂತಾಗ ಅದರ ಮೇಲೆ ಭಾರ ಬೀಳುತ್ತದೆ. ರೈಡರ್ ಮಾಡುವುದೆಲ್ಲ ಅದೇ ಅಲ್ವಾ? ಬೋನಸ್ ಲೈನ್ ಮುಟ್ಟಿ, ದೇಹ ಮಿಡ್ ಲೈನ್ ಕಡೆ ತಿರುಗಿರುತ್ತದೆ, ಪಾದ ಮಾತ್ರ ಇನ್ನೂ ಆ ಕಡೆ ನೆಟ್ಟಿರುತ್ತದೆ. ಆ ಕ್ಷಣದಲ್ಲಿ ಯಾರಾದರೂ ಕಣಕಾಲು ಹಿಡಿದರೆ ಅಥವಾ ತೊಡೆಯ ಮೇಲೆ ಬಿದ್ದರೆ, ತಿರುಚಿದ ಬಲವೆಲ್ಲ ಮಂಡಿಗೇ ಹೋಗುತ್ತದೆ.

‘ಟಕ್’ ಅಂದಿದ್ದು ಅದು ಹರಿದ ಸದ್ದು. ರಾತ್ರಿಯೊಳಗೆ ಊದಿದ್ದು ಒಳಗೆ ರಕ್ತ ತುಂಬಿದ್ದರಿಂದ. ಮಂಡಿ ತಿರುಚಿದ ಕೆಲವೇ ಗಂಟೆಗಳಲ್ಲಿ ಅಷ್ಟು ಊದಿಕೊಂಡರೆ ಎಸಿಎಲ್ ಅನ್ನು ಮೊದಲು ಅನುಮಾನಿಸಬೇಕು. ಸುಮ್ನೆ ಉಳುಕಿದ್ದಾದರೆ ಊತ ಸಾಮಾನ್ಯವಾಗಿ ಮರುದಿನ ನಿಧಾನವಾಗಿ ಬರುತ್ತದೆ. ನಿಮ್ಮ ಟೀಮಿನ ಉಳಿದ ಹುಡುಗರಿಗೂ ಇದನ್ನು ಹೇಳಿಡಿ.

ಇನ್ನು ಆ ನಾಟಿ ಕಟ್ಟು. ನೀವೊಬ್ಬರೇ ಅಲ್ಲ, ನಮ್ಮ ಕಡೆ ಮಂಡಿ ಪೆಟ್ಟಿಗೆ ಬಹಳ ಜನ ಮೊದಲು ಹೋಗುವುದೇ ಅಲ್ಲಿಗೆ. ಹತ್ತಿರ ಇರುತ್ತದೆ, ಖರ್ಚು ಕಡಿಮೆ, ಕಟ್ಟುವವರು ಪರಿಚಯದವರು. ನಿಮ್ಮನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಅದರಿಂದ ಏನಾಗುತ್ತದೆ ಅಂತ ಹೇಳಲೇಬೇಕು. ಊತ ಇಳಿದದ್ದು ಮೂರು ವಾರ ಕಾಲಿಗೆ ವಿಶ್ರಾಂತಿ ಸಿಕ್ಕಿದ್ದರಿಂದ. ಹರಿದ ಎಸಿಎಲ್ ಹೊರಗಿನ ಕಟ್ಟಿನಿಂದ ಮತ್ತೆ ಸೇರಿಕೊಳ್ಳುವುದಿಲ್ಲ. ಅದು ಮಂಡಿಯೊಳಗಿನ ದ್ರವದಲ್ಲಿ ಮುಳುಗಿರುತ್ತದೆ. ಬೇರೆ ಕಡೆ ಗಾಯವಾದರೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ಮೇಲೆ ಹೊಸ ಅಂಗಾಂಶ ಬೆಳೆಯುತ್ತದೆ. ಇಲ್ಲಿ ಆ ದ್ರವ ಹೆಪ್ಪನ್ನು ನಿಲ್ಲಲು ಬಿಡುವುದಿಲ್ಲ. ಈ ನಡುವೆ ಮೂರು ವಾರ ಬಿಗಿದು ಕಟ್ಟಿದ್ದಕ್ಕೆ ಎರಡು ನಷ್ಟ ಆಗಿರುತ್ತದೆ: ಮಂಡಿ ಬಿಗಿದುಕೊಂಡಿರುತ್ತದೆ, ತೊಡೆ ಬಡವಾಗಿರುತ್ತದೆ. ಈಗಲೇ ಒಂದು ಟೇಪು ತೆಗೆದುಕೊಳ್ಳಿ. ಎರಡೂ ಕಾಲಿನಲ್ಲಿ ಮಂಡಿಚಿಪ್ಪಿನ ಮೇಲಂಚಿನಿಂದ ಹದಿನೈದು ಸೆಂಟಿಮೀಟರ್ ಮೇಲಕ್ಕೆ ಗುರುತು ಹಾಕಿ ತೊಡೆಯ ಸುತ್ತಳತೆ ನೋಡಿ. ಎಡಗಡೆ ಕಡಿಮೆ ಬಂದರೆ ಆಶ್ಚರ್ಯಪಡಬೇಡಿ. ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಬ್ಬರು ಡಾಕ್ಟರ್ ಎರಡು ಮಾತು ಹೇಳಿದರು ಅಂತ ಗಾಬರಿಯಾಗಿದ್ದೀರಿ. ನಿಜ ಹೇಳಬೇಕು ಅಂದರೆ ಇಬ್ಬರ ಮಾತಿಗೂ ಆಧಾರ ಇದೆ. ಸ್ವೀಡನ್‌ನಲ್ಲಿ ಎಸಿಎಲ್ ಹರಿದ, ಚಟುವಟಿಕೆಯಿಂದಿದ್ದ 121 ಯುವಕ ಯುವತಿಯರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬೇಗ ಆಪರೇಷನ್ ಮಾಡಿ ಆಮೇಲೆ ವ್ಯಾಯಾಮ. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೇ ಬೇಕು ಅಂತಾದರೆ ಮಾತ್ರ ಆಪರೇಷನ್. 2010ರಲ್ಲಿ ಅದರ ಫಲಿತಾಂಶ ಬಂತು. ಎರಡು ವರ್ಷದ ಹೊತ್ತಿಗೆ ಎರಡು ಗುಂಪಿನವರ ಮಂಡಿಯ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವ್ಯಾಯಾಮದ ಗುಂಪಿನಲ್ಲಿ ಹತ್ತರಲ್ಲಿ ನಾಲ್ಕು ಜನ ಆ ಎರಡು ವರ್ಷದಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು. ಐದು ವರ್ಷಕ್ಕೆ ಅದು ಅರ್ಧದಷ್ಟಾಯಿತು. ಉಳಿದರ್ಧ ಜನ ಆಪರೇಷನ್ ಇಲ್ಲದೆಯೇ ಇದ್ದರು. ಅಂದರೆ ಎಂಆರ್‌ಐ ಕಾಗದದಲ್ಲಿ ‘ಪೂರ್ತಿ ಹರಿದಿದೆ’ ಅಂತ ಬಂದ ಮಾತ್ರಕ್ಕೆ ಎಲ್ಲರಿಗೂ ಆಪರೇಷನ್ ಬೇಕಾಗಿಲ್ಲ. ನಲವತ್ತೈದರ ಒಬ್ಬ ಮೇಷ್ಟ್ರು ಇದೇ ರಿಪೋರ್ಟ್ ಹಿಡಿದು ಬಂದು, ‘ವಾಕಿಂಗ್ ಹೋಗ್ತೀನಿ, ಸ್ಕೂಟರ್ ಓಡಿಸ್ತೀನಿ, ಮಂಡಿ ಜಾರ್ತಿಲ್ಲ’ ಅಂದರೆ ನಾನು ಅವರಿಗೆ ಮೂರು ತಿಂಗಳು ಸರಿಯಾದ ವ್ಯಾಯಾಮ ಮಾಡಿ ಅನ್ನುತ್ತೇನೆ.

ನಿಮ್ಮ ವಿಷಯ ಬೇರೆ. ಆ ಅಧ್ಯಯನದಲ್ಲಿ ವೃತ್ತಿಪರ ಆಟಗಾರರು ಇರಲಿಲ್ಲ. ನೀವು ಆಡುವುದು ತಿರುಗಿ ತಿರುಗಿ ಕಾಲೂರುವ ಆಟ. ನಿಮ್ಮ ಮಂಡಿ ಎರಡು ಸಲ ಜಾರಿದೆ, ಅದರಲ್ಲೂ ಒಂದು ಸಲ ಆಟದಲ್ಲಲ್ಲ, ಬದು ಇಳಿಯುವಾಗ. ಜೊತೆಗೆ ಮೆನಿಸ್ಕಸ್ ಹರಿದಿದೆ. ಇಷ್ಟೂ ಸೇರಿದರೆ ನನ್ನ ಮನಸ್ಸು ಆಪರೇಷನ್ ಕಡೆಗೇ ವಾಲುತ್ತದೆ.

ನನಗೆ ಎಸಿಎಲ್‌ಗಿಂತ ಹೆಚ್ಚು ಚಿಂತೆ ಆ ಮೆನಿಸ್ಕಸ್‌ದು. ಎಸಿಎಲ್ ಹೋದರೆ ಹೊಸದು ಹಾಕಬಹುದು. ಮೆನಿಸ್ಕಸ್ ಹೋದರೆ ಅದರಷ್ಟೇ ಒಳ್ಳೆಯದು ಇನ್ನೊಂದು ಸಿಗುವುದಿಲ್ಲ. ಅದು ಎರಡು ಮೂಳೆಗಳ ನಡುವೆ ಕೂತಿರುವ, ಅರ್ಧಚಂದ್ರದ ಆಕಾರದ ಗಟ್ಟಿ ಮೆತ್ತೆ. ಪ್ರತಿ ಮಂಡಿಯಲ್ಲೂ ಒಳಗೊಂದು, ಹೊರಗೊಂದು. ಮೈಭಾರ ಒಂದೇ ಕಡೆ ಬೀಳದಂತೆ ಹಂಚುವುದು ಅದೇ. ಅದರ ಹೊರಅಂಚಿಗೆ ಮಾತ್ರ ಚೆನ್ನಾಗಿ ರಕ್ತ ಹೋಗುತ್ತದೆ. ಅಲ್ಲಿ ಹರಿದಿದ್ದರೆ ಹೊಲಿದರೆ ಕೂಡಿಕೊಳ್ಳುತ್ತದೆ. ಒಳಅಂಚು ಹರಿದಿದ್ದರೆ ಕೂಡುವುದು ಕಷ್ಟ, ಹರಿದ ತುಂಡನ್ನು ಕತ್ತರಿಸಿ ತೆಗೆಯಬೇಕಾಗಬಹುದು. ತೆಗೆದಷ್ಟೂ ಮೂಳೆಯ ಮೇಲಿನ ನುಣುಪು ಪದರಕ್ಕೆ ಭಾರ ಜಾಸ್ತಿ, ಮಂಡಿ ಅಷ್ಟು ಬೇಗ ಸವೆಯುತ್ತದೆ. ಮಂಡಿ ಒಂದೊಂದು ಸಲ ಜಾರಿದಾಗಲೂ ಮೆನಿಸ್ಕಸ್ ಇನ್ನಷ್ಟು ಹರಿಯುವ ಅಪಾಯ ಇದೆ. ಈಗ ಹೊಲಿಯಬಹುದಾದದ್ದು ಇನ್ನಾರು ತಿಂಗಳಿಗೆ ಹೊಲಿಯಲಾಗದ ಹಾಗೆ ಆಗಬಹುದು. ಅದಕ್ಕೇ ಕೈಮುಗಿದು ಕೇಳುತ್ತೇನೆ, ಇವತ್ತಿನಿಂದ ಪ್ರಾಕ್ಟೀಸ್ ನಿಲ್ಲಿಸಿ. ‘ಬರೀ ಲೈಟಾಗಿ’ ಅಂತಲೂ ಬೇಡ. ಟೀಮಿನವರು ಎಷ್ಟೇ ಕರೆದರೂ ಬೇಡ.

ಈಗ ಕಾಲು ನೆಟ್ಟಗಾಗದ ವಿಷಯ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಕಟ್ಟಿನಿಂದಾದ ಬಿಗಿತ. ಇನ್ನೊಂದು, ಮೆನಿಸ್ಕಸ್ ಉದ್ದಕ್ಕೆ ಸೀಳಿ ಆ ಪಟ್ಟಿ ಮಗುಚಿಕೊಂಡು ಮಂಡಿಯ ನಡುವೆ ಸಿಕ್ಕಿಹಾಕಿಕೊಂಡಿರುವುದು. ಇದನ್ನು ಬಕೆಟ್ ಹ್ಯಾಂಡಲ್ ಟೇರ್ ಅನ್ನುತ್ತಾರೆ. ಬಿಗಿತ ಆದರೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ. ಸಿಕ್ಕಿಹಾಕಿಕೊಂಡಿದ್ದರೆ ಕಾಲು ಒಂದು ಹಂತಕ್ಕೆ ಬಂದು ಗಕ್ಕನೆ ನಿಂತುಬಿಡುತ್ತದೆ, ಒತ್ತಿದರೆ ಒಳಗೆ ಚುಚ್ಚುತ್ತದೆ. ಹಾಗಿದ್ದರೆ ಬಲವಂತವಾಗಿ ಕಾಲು ಒತ್ತಬೇಡಿ, ಕಾಯುತ್ತಲೂ ಕೂರಬೇಡಿ. ಹೀಗೆ ಸಿಕ್ಕಿಕೊಂಡು ಮಂಡಿ ಲಾಕ್ ಆಗಿದ್ದರೆ ಬೇಗ ಆಪರೇಷನ್ ಮಾಡಬೇಕಾಗುತ್ತದೆ. ಎಂಆರ್‌ಐ ಫಿಲಂ ತೆಗೆದುಕೊಂಡು ಹೋಗಿ, ಕಾಗದ ಮಾತ್ರ ಸಾಲದು. ಮಂಡಿಯ ಆಪರೇಷನ್ ದಿನವೂ ಮಾಡುವ ಡಾಕ್ಟರ್ ಫಿಲಂ ನೋಡಬೇಕು, ಕೈಯಿಂದ ಮಂಡಿ ಪರೀಕ್ಷೆ ಮಾಡಬೇಕು. ಮಂಡಿಯನ್ನು ಇಪ್ಪತ್ತು ಮೂವತ್ತು ಡಿಗ್ರಿ ಬಾಗಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಿನ ಕಾಲನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಎರಡೂ ಕಾಲಿಗೆ ಹೀಗೆ ಮಾಡಿ ಹೋಲಿಸುತ್ತಾರೆ. ಕಾಗದ ಮಾತ್ರ ಓದಿ, ಮಂಡಿ ಮುಟ್ಟದೆ ಆಪರೇಷನ್ ದಿನಾಂಕ ಕೊಟ್ಟರೆ ಇನ್ನೊಬ್ಬರನ್ನು ಕೇಳುವುದು ವಾಸಿ.

ಲಾಕ್ ಆಗಿಲ್ಲ, ಬರೀ ಬಿಗಿತ ಅಂತ ಖಚಿತವಾದರೆ ಕೆಲವು ವಾರ ಮಂಡಿಯನ್ನು ಆಪರೇಷನ್‌ಗೆ ತಯಾರು ಮಾಡಬೇಕು. ಊದಿದ, ಬಿಗಿದ ಮಂಡಿಗೆ ಆಪರೇಷನ್ ಮಾಡಿದರೆ ಆಮೇಲೂ ಅದು ಬಿಗಿದೇ ಉಳಿಯುವ ಅಪಾಯ ಹೆಚ್ಚು. ನಮಗೆ ಬೇಕಾದದ್ದು ಇಷ್ಟು: ಊತ ಪೂರ್ತಿ ಇಳಿಯಬೇಕು, ಕಾಲು ಇನ್ನೊಂದು ಕಾಲಿನಷ್ಟೇ ನೆಟ್ಟಗಾಗಬೇಕು, ಮಂಡಿ ಚೆನ್ನಾಗಿ ಬಾಗಬೇಕು, ತೊಡೆಯ ಮುಂದಿನ ಸ್ನಾಯು ಎಚ್ಚರವಾಗಬೇಕು. ಕ್ವಾಡ್ರಿಸೆಪ್ಸ್ ಅನ್ನುವ ಈ ಸ್ನಾಯುವಿಗೆ ಒಂದು ಗುಣ ಇದೆ. ಮಂಡಿಯಲ್ಲಿ ನೀರು ತುಂಬಿದರೆ ಅದು ತಾನಾಗಿಯೇ ಕೆಲಸ ನಿಲ್ಲಿಸುತ್ತದೆ. ನೀವು ಬಿಗಿ ಮಾಡಬೇಕು ಅಂದುಕೊಂಡರೂ ಬಿಗಿಯಾಗುವುದಿಲ್ಲ. ಅದಕ್ಕೇ ಊತ ಇಳಿಸುವುದು ಮೊದಲು, ಭಾರ ಎತ್ತುವುದು ಆಮೇಲೆ.

ಮನೆಯಲ್ಲಿ ಹೀಗೆ ಮಾಡಿ. ಚಾಪೆ ಮೇಲೆ ಮಲಗಿ, ಹಿಮ್ಮಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಡಿ. ಮಂಡಿಯ ಕೆಳಗೆ ಏನೂ ಇಡಬೇಡಿ. ಕಾಲು ತನ್ನ ಭಾರಕ್ಕೆ ತಾನೇ ಕೆಳಗಿಳಿಯಲಿ. ಹತ್ತು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಆಮೇಲೆ ಟವೆಲನ್ನು ಮಂಡಿಯ ಕೆಳಕ್ಕೆ ತಂದು, ತೊಡೆ ಬಿಗಿ ಮಾಡಿ ಟವೆಲನ್ನು ನೆಲಕ್ಕೆ ಒತ್ತಿ, ಐದು ಎಣಿಸಿ ಬಿಡಿ. ಒತ್ತುವಾಗ ಮಂಡಿಚಿಪ್ಪು ಮೇಲಕ್ಕೆ ಸರಿಯುತ್ತಿದೆಯಾ ಅಂತ ಕಣ್ಣಿಟ್ಟು ನೋಡಿ. ಸರಿದರೆ ಸ್ನಾಯು ಕೆಲಸ ಮಾಡುತ್ತಿದೆ ಅಂತ ಅರ್ಥ. ನೆಟ್ಟಗಾಗಿದೆಯಾ ಅಂತ ನೋಡಲು ಬೋರಲು ಮಲಗಿ, ಎರಡೂ ಮಂಡಿಯಿಂದ ಕೆಳಗಿನ ಭಾಗ ಮಂಚದ ಅಂಚಿನಿಂದ ಆಚೆ ಇರಲಿ. ಎರಡು ಹಿಮ್ಮಡಿ ಒಂದೇ ಎತ್ತರದಲ್ಲಿ ಇವೆಯಾ ಅಂತ ಮನೆಯವರಿಗೆ ನೋಡಲು ಹೇಳಿ. ಎಡಗಡೆಯದು ಮೇಲಿದ್ದರೆ ಇನ್ನೂ ನೆಟ್ಟಗಾಗಿಲ್ಲ.

ಇನ್ನು ಆಪರೇಷನ್. ಬಹಳ ಜನ ಕೇಳುತ್ತಾರೆ, ‘ಹರಿದದ್ದನ್ನೇ ಹೊಲಿಯಬಾರದಾ?’ ಹರಿದ ಎಸಿಎಲ್ ಅನ್ನು ಸ್ಕೋಪ್‌ನಲ್ಲಿ, ಅಂದರೆ ಮಂಡಿಯೊಳಗೆ ಇಳಿಸುವ ಸಣ್ಣ ಕ್ಯಾಮೆರಾದಲ್ಲಿ, ನೋಡಿದರೆ ಎಳೆ ಎಳೆಯಾಗಿ ಬಿಚ್ಚಿಕೊಂಡ ತೆಂಗಿನ ನಾರಿನ ಹಗ್ಗದ ತುದಿಯ ಹಾಗೆ ಕಾಣುತ್ತದೆ. ಎರಡು ತುದಿ ಸೇರಿಸಿ ಹೊಲಿಯಲು ಹಿಡಿತವೇ ಸಿಗುವುದಿಲ್ಲ. ಮೂಳೆಯಿಂದ ಕಿತ್ತುಬಂದ ಕೆಲವು ಬಗೆಯ ಗಾಯಗಳನ್ನು ಬೇಗ ಬಂದರೆ ಹೊಲಿಯುವುದುಂಟು, ಆದರೆ ಎರಡು ತಿಂಗಳ ಹಳೆಯ ನಿಮ್ಮ ಗಾಯಕ್ಕೆ ಆ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ನಿಮ್ಮದೇ ಮೈಯಿಂದ ಇನ್ನೊಂದು ಸ್ನಾಯುರಜ್ಜು ತೆಗೆದು, ಎರಡೂ ಮೂಳೆಯಲ್ಲಿ ಸುರಂಗ ಕೊರೆದು, ಅದರೊಳಗೆ ಹಾಯಿಸಿ, ಸ್ಕ್ರೂ ಅಥವಾ ಸಣ್ಣ ಬಟನ್ ಹಾಕಿ ಬಿಗಿಯುತ್ತಾರೆ. ಆ ತೆಗೆದ ತುಂಡಿಗೆ ಗ್ರಾಫ್ಟ್ ಅನ್ನುತ್ತಾರೆ. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಒಂದರಿಂದ ಎರಡು ಗಂಟೆಯ ಕೆಲಸ. ಇದು ಮಂಡಿ ಬದಲಿಸುವ ಆಪರೇಷನ್ ಅಲ್ಲ ಅಂತ ಮನೆಯವರಿಗೆ ಬಿಡಿಸಿ ಹೇಳಿ. ಆ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಬೇಡ ಅನ್ನುತ್ತಾರೆ. ಬಟನ್, ಸ್ಕ್ರೂ ತೊಂದರೆ ಕೊಡದಿದ್ದರೆ ಒಳಗೇ ಇರುತ್ತವೆ, ತೆಗೆಸಬೇಕಿಲ್ಲ.

ಗ್ರಾಫ್ಟ್ ಎಲ್ಲಿಂದ ತೆಗೆಯುತ್ತೀರಿ ಅಂತ ಡಾಕ್ಟರನ್ನು ಕೇಳಿ. ಇದು ನಿಮ್ಮ ಹಕ್ಕು. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ತೆಗೆಯುವುದು ನಮ್ಮಲ್ಲಿ ಬಹಳ ರೂಢಿ. ಗಾಯ ಚಿಕ್ಕದು, ಮಂಡಿಯ ಮುಂದೆ ನೋವು ಕಡಿಮೆ. ಆದರೆ ಎಳೆಯ ವಯಸ್ಸಿನ ಆಟಗಾರರಲ್ಲಿ ಮತ್ತೆ ಹರಿಯುವ ಸಾಧ್ಯತೆ ಇದರಲ್ಲಿ ಸ್ವಲ್ಪ ಜಾಸ್ತಿ, ಅದರಲ್ಲೂ ಗ್ರಾಫ್ಟಿನ ದಪ್ಪ 8 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ. ಮಂಡಿಚಿಪ್ಪಿನ ಕೆಳಗಿನ ರಜ್ಜುವನ್ನು ಎರಡೂ ತುದಿಯ ಮೂಳೆ ಚೂರಿನ ಸಮೇತ ತೆಗೆಯುವುದು ಇನ್ನೊಂದು ವಿಧಾನ. ಮೂಳೆ ಮೂಳೆಗೆ ಬೇಗ ಕೂಡುತ್ತದೆ, ಗಟ್ಟಿ. ಆದರೆ ಮುಂದೆ ಮಂಡಿಯೂರಿದರೆ ನೋವಾಗಬಹುದು. ಕಬಡ್ಡಿಯಲ್ಲಿ ಮಂಡಿ ನೆಲಕ್ಕೆ ಬಡಿಯುವುದು ಎಷ್ಟು ಅಂತ ನಿಮಗೇ ಗೊತ್ತು. ಮಂಡಿಚಿಪ್ಪಿನ ಮೇಲಿನ ಕ್ವಾಡ್ರಿಸೆಪ್ಸ್ ರಜ್ಜು ಮೂರನೆಯದು. ಪಾದದ ಹೊರಬದಿಯಲ್ಲಿ ಹೋಗುವ ಪೆರೋನಿಯಸ್ ರಜ್ಜುವನ್ನೂ ನಮ್ಮಲ್ಲಿ ಹಲವರು ಬಳಸುತ್ತಾರೆ. ಇವುಗಳಲ್ಲಿ ಒಂದೇ ಸರಿ, ಉಳಿದದ್ದು ತಪ್ಪು ಅಂತ ಇಲ್ಲ. ನಿಮ್ಮ ಡಾಕ್ಟರ್ ಯಾವುದನ್ನು ಹೆಚ್ಚು ಮಾಡಿ ಕೈ ಪಳಗಿದ್ದಾರೋ ಅದಕ್ಕೂ ಬೆಲೆ ಇದೆ.

ಇನ್ನೊಂದು ಮಾತು ಕೇಳಿ. ನಿಮ್ಮ ವಯಸ್ಸಿನವರು ತಿರುಗುವ ಆಟಕ್ಕೆ ಹಿಂತಿರುಗುವುದಾದರೆ, ಎಸಿಎಲ್ ಜೊತೆಗೆ ಮಂಡಿಯ ಹೊರಬದಿಯಲ್ಲಿ ಇನ್ನೊಂದು ಪಟ್ಟಿ ಬಿಗಿದು ಬಲ ಕೊಡುವುದುಂಟು. 25 ವರ್ಷದೊಳಗಿನ 618 ಜನರ ಮೇಲೆ ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್. ಎರಡು ವರ್ಷದಲ್ಲಿ, ಪಟ್ಟಿ ಇಲ್ಲದವರಲ್ಲಿ ನೂರಕ್ಕೆ 11 ಜನರ ಗ್ರಾಫ್ಟ್ ಮತ್ತೆ ಹರಿಯಿತು, ಪಟ್ಟಿ ಹಾಕಿದವರಲ್ಲಿ 4. ‘ನನಗೆ ಇದು ಬೇಕಾ?’ ಅಂತ ಒಂದು ಮಾತು ಕೇಳಿ. ಬೇಡ ಅಂದರೆ ಯಾಕೆ ಬೇಡ ಅಂತ ಅವರು ಹೇಳುತ್ತಾರೆ.

ಆಪರೇಷನ್ ಆದ ಮೇಲಿನ ಮೊದಲ ಎರಡು ವಾರ ಮನೆಯಲ್ಲಿ ನಡೆಯುವ ಒಂದು ಸಾಮಾನ್ಯ ತಪ್ಪು ಹೇಳುತ್ತೇನೆ. ಅಮ್ಮನೋ ಅಕ್ಕನೋ ಪ್ರೀತಿಯಿಂದ ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ಹಾಯಾಗಿರುತ್ತದೆ ನಿಜ. ಆದರೆ ಮಂಡಿ ಹಾಗೇ ಬಾಗಿಕೊಂಡು ಬಿಗಿಯುತ್ತದೆ. ಆಮೇಲೆ ನೆಟ್ಟಗೆ ಮಾಡಲು ತಿಂಗಳುಗಟ್ಟಲೆ ಒದ್ದಾಡಬೇಕಾಗುತ್ತದೆ. ನೆಟ್ಟಗಾಗದ ಮಂಡಿಯಲ್ಲಿ ಕುಂಟು ಹೋಗುವುದಿಲ್ಲ, ತೊಡೆಗೆ ಬಲ ಬರುವುದಿಲ್ಲ. ದಿಂಬು ಹಿಮ್ಮಡಿಯ ಕೆಳಗಿರಲಿ. ದಿನಕ್ಕೆ ಹಲವು ಸಲ ಐಸ್ ಇಡಿ, ಬಟ್ಟೆಯಲ್ಲಿ ಸುತ್ತಿ, ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ. ಎಣ್ಣೆ ಹಾಕಿ ಮೀನಖಂಡ ತಿಕ್ಕುವುದು ಬೇಡವೇ ಬೇಡ. ಆಪರೇಷನ್ ಆದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರ ಬಂದರೆ, ಗಾಯದಿಂದ ಕೀವು ಬಂದರೆ, ಇಳಿಯುತ್ತಿದ್ದ ನೋವು ದಿಢೀರನೆ ಏರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಎದೆ ನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ. ಗಾಯದ ಪಕ್ಕದಲ್ಲಿ ಅಂಗೈಯಷ್ಟು ಜಾಗ ಮರಗಟ್ಟಿದ ಹಾಗಿದ್ದರೆ ಹೆದರಬೇಡಿ. ಅಲ್ಲಿ ಚರ್ಮದ ಸಣ್ಣ ನರ ಹಾದುಹೋಗುತ್ತದೆ, ಬಹಳ ಜನಕ್ಕೆ ಹೀಗಾಗುತ್ತದೆ.

ನಿಮಗೆ ಮೆನಿಸ್ಕಸ್ ಹೊಲಿದರೆ ನಿಯಮ ಇನ್ನೂ ಬಿಗಿ. ಮೊದಲ ನಾಲ್ಕರಿಂದ ಆರು ವಾರ 90 ಡಿಗ್ರಿಗಿಂತ ಹೆಚ್ಚು ಬಾಗಿಸಬಾರದು ಅನ್ನುತ್ತಾರೆ, ಕಾಲಿಗೆ ಎಷ್ಟು ಭಾರ ಕೊಡಬೇಕು ಅಂತಲೂ ಹೇಳುತ್ತಾರೆ. ಕುಕ್ಕರಗಾಲಲ್ಲಿ ಕೂರುವುದು ಕನಿಷ್ಠ ನಾಲ್ಕು ತಿಂಗಳು ಬೇಡ. ಹಳ್ಳಿ ಮನೆಯಲ್ಲಿ ಇದೇ ದೊಡ್ಡ ಸಮಸ್ಯೆ, ಯಾಕೆಂದರೆ ಇಂಡಿಯನ್ ಟಾಯ್ಲೆಟ್. ಅದರ ಮೇಲೆ ಇಡುವ ಕಮೋಡ್ ಸ್ಟೂಲ್ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಆಪರೇಷನ್‌ಗೆ ಹೋಗುವ ಮೊದಲೇ ತಂದಿಡಿ. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಬೇಡಿ, ಕುರ್ಚಿ ಇರಲಿ. ಬೈಕ್ ಓಡಿಸಲು ಆರರಿಂದ ಎಂಟು ವಾರ ಕಾಯಬೇಕು. ನಿಮ್ಮದು ಎಡಗಾಲು, ಗೇರ್ ಹಾಕುವ ಕಾಲು. ಸಿಗ್ನಲ್‌ನಲ್ಲಿ ಬೈಕ್ ವಾಲಿದರೆ ಊರುವ ಕಾಲೂ ಅದೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಪರೇಷನ್ ದಿನ ಹಾಕಿದ ಗ್ರಾಫ್ಟ್ ಆವತ್ತು ಗಟ್ಟಿಯಾಗಿಯೇ ಇರುತ್ತದೆ. ಆದರೆ ಅದಕ್ಕೆ ರಕ್ತದ ಪೂರೈಕೆ ಇರುವುದಿಲ್ಲ. ಮುಂದಿನ ವಾರಗಳಲ್ಲಿ ಅದರ ಹಳೆಯ ಜೀವಕೋಶಗಳು ಸಾಯುತ್ತವೆ, ಹೊಸ ರಕ್ತನಾಳ ಒಳಕ್ಕೆ ಬೆಳೆಯುತ್ತವೆ, ಹೊಸ ಜೀವಕೋಶ ಬಂದು ನಾರುಗಳನ್ನು ಮತ್ತೆ ಕಟ್ಟುತ್ತವೆ. ಈ ನಡುವೆ, ಸುಮಾರು ಎರಡು ಮೂರು ತಿಂಗಳ ಆಸುಪಾಸಿನಲ್ಲಿ, ಗ್ರಾಫ್ಟ್ ಬಹಳ ದುರ್ಬಲವಾಗಿರುತ್ತದೆ. ತಮಾಷೆಯಲ್ಲ, ನಿಮಗೆ ‘ಮಂಡಿ ಫುಲ್ ಸರಿಹೋಯ್ತು’ ಅನ್ನಿಸುವುದೂ ಆಗಲೇ. ಊತ ಇಲ್ಲ, ನೋವಿಲ್ಲ, ಕುಂಟುವುದಿಲ್ಲ, ಮೆಟ್ಟಿಲು ಹತ್ತುತ್ತೀರಿ. ಮೈ ಹುರುಪಾಗುತ್ತದೆ. ಊರಲ್ಲಿ ಟೂರ್ನಮೆಂಟ್ ನಡೆಯುತ್ತಿರುತ್ತದೆ, ಒಬ್ಬ ಆಟಗಾರ ಕಡಿಮೆ ಬೀಳುತ್ತಾನೆ, ‘ಸುಮ್ನೆ ನಿಂತ್ಕೋ ಮಗಾ, ರೈಡ್ ಹೋಗ್ಬೇಡ’ ಅನ್ನುತ್ತಾರೆ. ಅಲ್ಲಿ ಹೋಗುತ್ತದೆ ಗ್ರಾಫ್ಟ್. ನೋವಿಲ್ಲ ಅನ್ನುವುದು ಗ್ರಾಫ್ಟ್ ಗಟ್ಟಿಯಾಗಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಅದು ಪೂರ್ತಿ ಮಾಗಲು ಒಂದು ವರ್ಷ ದಾಟುತ್ತದೆ.

ಆದ್ದರಿಂದ ಈ ತಿಂಗಳುಗಳನ್ನು ತೊಡೆ ಕಟ್ಟುವುದಕ್ಕೆ ಬಳಸಿ. ಮೊದಲ ಆರು ವಾರ ನಡಿಗೆ ಸರಿಪಡಿಸುವುದು, ನೆಟ್ಟಗೆ ಮಾಡುವುದು, ಬಾಗಿಸುವುದು. ಆಮೇಲೆ ಸೈಕಲ್, ಮೆಟ್ಟಿಲು, ಅರ್ಧ ಕೂತು ಏಳುವುದು. ಮೂರು ತಿಂಗಳಿನಿಂದ ನಿಜವಾದ ಭಾರ: ಒಂಟಿ ಕಾಲಿನ ಲೆಗ್ ಪ್ರೆಸ್, ಒಂಟಿ ಕಾಲಿನಲ್ಲಿ ಕುರ್ಚಿಯಿಂದ ಏಳುವುದು, ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮ. ಎರಡೂ ಕಾಲು ಸೇರಿಸಿ ಮಾಡಿದರೆ ಒಳ್ಳೆಯ ಕಾಲು ಹೆಚ್ಚು ಕೆಲಸ ಕದ್ದು ಮಾಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಅದಕ್ಕೇ ಒಂಟಿ ಕಾಲು. ಮೂರೂವರೆ ನಾಲ್ಕು ತಿಂಗಳ ಹೊತ್ತಿಗೆ ಬಲ ಬಂದಿದ್ದರೆ, ಊತ ಇಲ್ಲದಿದ್ದರೆ ಸಮತಟ್ಟಾದ ನೆಲದಲ್ಲಿ ನೇರ ಓಟ. ಆಮೇಲೆ ಜಿಗಿತ, ಇಳಿಯುವ ಅಭ್ಯಾಸ. ತಿರುಗುವುದು ಎಲ್ಲಕ್ಕಿಂತ ಕೊನೆಗೆ. ಒಂದು ವ್ಯಾಯಾಮ ಮಾಡಿದ ಮರುದಿನ ಮಂಡಿ ಊದಿದರೆ ಅದು ಜಾಸ್ತಿಯಾಯಿತು ಅಂತ ಅರ್ಥ, ಒಂದು ಹೆಜ್ಜೆ ಹಿಂದೆ ಬನ್ನಿ. ತಾಲ್ಲೂಕಿನಲ್ಲಿ ಒಳ್ಳೆಯ ಫಿಸಿಯೋ ಸಿಗದಿದ್ದರೆ, ದಿನಾ ಹೋಗಲು ಆಗದಿದ್ದರೆ, ಎರಡು ವಾರಕ್ಕೊಮ್ಮೆಯಾದರೂ ಮೈಸೂರಿಗೋ ಬೆಂಗಳೂರಿಗೋ ಹೋಗಿ ಪಾಠ ಹೇಳಿಸಿಕೊಂಡು ಬನ್ನಿ. ಮೊಟ್ಟೆ, ಕಾಳು, ಹುರುಳಿ, ಮಾಂಸ ಚೆನ್ನಾಗಿ ತಿನ್ನಿ. ಬೀಡಿ ಸಿಗರೇಟು ಇದ್ದರೆ ಬಿಡಿ, ಗಾಯ ಕೂಡುವುದನ್ನು ಅದು ತಡ ಮಾಡುತ್ತದೆ.

ಆರು ತಿಂಗಳ ಲೆಕ್ಕಕ್ಕೆ ಬರೋಣ. ನಾರ್ವೆಯ ಓಸ್ಲೋ ಮತ್ತು ಅಮೆರಿಕದ ಡೆಲವೇರ್‌ನವರು ಕೂಡಿ ಮಾಡಿದ ಅಧ್ಯಯನ 2016ರಲ್ಲಿ ಬಂತು. ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧರ್ಧ ಇಳಿಯುತ್ತಾ ಹೋಯಿತು. ಒಂಬತ್ತು ತಿಂಗಳವರೆಗೆ ಹೀಗೆ. ಅದೇ ಅಧ್ಯಯನದಲ್ಲಿ, ಬಲದ ಪರೀಕ್ಷೆ, ಕುಪ್ಪಳಿಸುವ ಪರೀಕ್ಷೆಗಳಲ್ಲಿ ಪಾಸಾಗದೆ ಆಟಕ್ಕಿಳಿದವರಲ್ಲಿ ನೂರಕ್ಕೆ 38 ಜನ ಮತ್ತೆ ಪೆಟ್ಟು ಮಾಡಿಕೊಂಡರು. ಪಾಸಾಗಿ ಇಳಿದವರಲ್ಲಿ ಆರಕ್ಕಿಂತ ಕಡಿಮೆ. ನಿಮ್ಮ ಗೆಳೆಯ ಆರು ತಿಂಗಳಿಗೆ ಆಡಿ ಏನೂ ಆಗಿಲ್ಲ ಅಂದರೆ ನನಗೂ ಖುಷಿ. ಆದರೆ ಅವನೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ಎರಡನೇ ಸಲ ಹರಿಯುವುದು ಅದೇ ಮಂಡಿಯೇ ಆಗಬೇಕು ಅಂತಿಲ್ಲ, ಒಳ್ಳೆಯ ಮಂಡಿಯೂ ಹರಿಯುತ್ತದೆ. 25ರೊಳಗಿನವರು ಆಟಕ್ಕೆ ಮರಳಿದಾಗ ಎರಡರಲ್ಲಿ ಒಂದು ಮಂಡಿಗೆ ಮತ್ತೆ ಎಸಿಎಲ್ ಪೆಟ್ಟಾಗುವುದು ನೂರಕ್ಕೆ 23 ಜನರಿಗೆ. ಹೆಚ್ಚು ಕಡಿಮೆ ನಾಲ್ಕರಲ್ಲಿ ಒಬ್ಬರು.

ಪರೀಕ್ಷೆ ಅಂದರೆ ಏನು ಅಂದರೆ, ಒಂಟಿ ಕಾಲಿನಲ್ಲಿ ಎಷ್ಟು ದೂರ ಕುಪ್ಪಳಿಸುತ್ತೀರಿ, ಸತತ ಮೂರು ಕುಪ್ಪಳಿಕೆಯಲ್ಲಿ ಎಷ್ಟು, ಗೆರೆಯನ್ನು ಅಡ್ಡ ದಾಟುತ್ತಾ ಎಷ್ಟು, ಆರು ಮೀಟರ್ ಎಷ್ಟು ಹೊತ್ತಿನಲ್ಲಿ. ಎಡಗಾಲು ಬಲಗಾಲಿನ ಶೇಕಡಾ 90ರಷ್ಟಾದರೂ ಮಾಡಬೇಕು. ತೊಡೆಯ ಬಲ ಕೂಡ ಹಾಗೇ. ನೀವು ಬರೆದಿಟ್ಟ ಸುತ್ತಳತೆಯನ್ನೂ ಆಗ ಹೋಲಿಸಿ ನೋಡಿ. ದೂರ ಮಾತ್ರ ನೋಡಿದರೆ ಸಾಲದು, ಇಳಿಯುವಾಗ ಮಂಡಿ ಒಳಕ್ಕೆ ಬಾಗುತ್ತಿದೆಯಾ ಅಂತ ಮೊಬೈಲಿನಲ್ಲಿ ಮುಂದಿನಿಂದ ವಿಡಿಯೊ ಮಾಡಿಸಿ ಫಿಸಿಯೋಗೆ ತೋರಿಸಿ. ಇದಾದ ಮೇಲೆ ಒಬ್ಬರೇ ಫುಟ್‌ವರ್ಕ್, ಆಮೇಲೆ ಹಿಡಿಯದೆ ಎದುರಿಗೆ ನಿಂತವರ ಜೊತೆ, ಆಮೇಲೆ ಒಬ್ಬ ಕ್ಯಾಚರ್, ಆಮೇಲೆ ಕೈಕೈ ಹಿಡಿದು ಬರುವ ಚೈನ್, ಕಡೆಗೆ ಪಂದ್ಯ. ಮ್ಯಾಟ್ ಮೇಲೆ ಶೂ ಹಿಡಿತ ಜಾಸ್ತಿ, ಕಾಲು ಮಣ್ಣಿನಲ್ಲಿ ಜಾರಿದ ಹಾಗೆ ಜಾರುವುದಿಲ್ಲ. ಎರಡರಲ್ಲೂ ಬೇರೆ ಬೇರೆಯಾಗಿ ಅಭ್ಯಾಸ ಮಾಡಿ.

ಎಲ್ಲ ಸರಿಯಾಗಿ ಮಾಡಿದರೂ ಎಲ್ಲರೂ ಹಳೆಯ ಮಟ್ಟಕ್ಕೆ ಮರಳುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ನೂರಕ್ಕೆ 81 ಜನ ಏನಾದರೊಂದು ಆಟಕ್ಕೆ, 65 ಜನ ಹಿಂದಿನ ಮಟ್ಟಕ್ಕೆ, 55 ಜನ ಸ್ಪರ್ಧಾತ್ಮಕ ಆಟಕ್ಕೆ ಮರಳಿದ್ದರು. ಮರಳದೇ ಇರಲು ಮಂಡಿಯಷ್ಟೇ ಭಯವೂ ಕಾರಣ. ಅದನ್ನು ಫಿಸಿಯೋ ಹತ್ತಿರ ಬಾಯಿಬಿಟ್ಟು ಹೇಳಿ. ಪವನ್ ಸೆಹ್ರಾವತ್ ನಿಮಗೆ ಗೊತ್ತೇ ಇರುತ್ತಾರೆ, ಬೆಂಗಳೂರು ಬುಲ್ಸ್‌ಗೆ ಆಡಿದವರು. 2022ರ ಅಕ್ಟೋಬರ್‌ನಲ್ಲಿ ತಮಿಳ್ ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಗಿ ಆ ಇಡೀ ಪ್ರೊ ಕಬಡ್ಡಿ ಸೀಸನ್ ಹೊರಗೆ ಕೂತರು. 2023ರ ಅಕ್ಟೋಬರ್‌ನಲ್ಲಿ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅವರೇ ನಾಯಕ, ಚಿನ್ನ ಗೆದ್ದರು. ನಡುವೆ ಹೋದದ್ದು ಒಂದು ಸೀಸನ್.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಆ ಮಾತು ಬಂದೇ ಇರುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶ ಇದೆ. ಮೊದಲು ಜಿಲ್ಲಾಸ್ಪತ್ರೆಗೆ ಹೋಗಿ ಅಲ್ಲಿ ಯೋಜನೆಯ ಬಗ್ಗೆ ದಾರಿ ತೋರಿಸುವ ಆರೋಗ್ಯ ಮಿತ್ರರನ್ನು ಕಂಡು, ನಿಮ್ಮ ಆಪರೇಷನ್ ಇದರಲ್ಲಿ ಬರುತ್ತದಾ, ಯಾವ ಆಸ್ಪತ್ರೆಯಲ್ಲಿ, ಇಂಪ್ಲಾಂಟ್ (ಒಳಗೆ ಹಾಕುವ ಸ್ಕ್ರೂ, ಬಟನ್) ಖರ್ಚು ಸೇರಿದೆಯಾ ಅಂತ ಕೇಳಿ. ಬೆಂಗಳೂರಿನ ಜಯನಗರದಲ್ಲಿ ಮೂಳೆ ಚಿಕಿತ್ಸೆಗೆಂದೇ ಇರುವ ಸಂಜಯ್ ಗಾಂಧಿ ಸಂಸ್ಥೆ ಸರ್ಕಾರದ್ದೇ. ಅಲ್ಲೂ ವಿಚಾರಿಸಿ. ಫಿಸಿಯೋಗೆ ಹೋಗಿಬರುವ ಖರ್ಚನ್ನು ಮೊದಲೇ ಬೇರೆ ತೆಗೆದಿಡಿ. ಆಪರೇಷನ್‌ಗೆ ಸಾಲ ಮಾಡಿ, ಆಮೇಲೆ ಬಸ್ ಚಾರ್ಜಿಗೆ ಹಣವಿಲ್ಲ ಅಂತ ವ್ಯಾಯಾಮ ಬಿಟ್ಟವರನ್ನು ಕಂಡು ನನಗೆ ಬಹಳ ಸಂಕಟವಾಗಿದೆ.

ಪೊಲೀಸ್ ನೇಮಕಾತಿಗೆ ಓಟ, ಜಿಗಿತ ಎರಡೂ ಬೇಕು. ಈ ಮಂಡಿ ಇಟ್ಟುಕೊಂಡು ಈಗ ದೈಹಿಕ ಪರೀಕ್ಷೆಗೆ ಹೋಗಬೇಡಿ. ಅದರಲ್ಲೂ ಜಿಗಿದು ಇಳಿಯುವಾಗ ಮಂಡಿ ಮತ್ತೆ ಜಾರಬಹುದು. ನಿಮಗಿನ್ನೂ 22, ವಯೋಮಿತಿ ನೋಡಿಕೊಂಡು ಒಂದು ನೇಮಕಾತಿ ಬಿಟ್ಟು ಮುಂದಿನದಕ್ಕೆ ಗುರಿ ಇಡಿ. ಲಿಖಿತ ಪರೀಕ್ಷೆಯ ಓದನ್ನು ಈ ತಿಂಗಳುಗಳಲ್ಲೇ ಮುಗಿಸಿ, ಹಿಮ್ಮಡಿಯ ಕೆಳಗೆ ಟವೆಲ್ ಇಟ್ಟುಕೊಂಡೇ ಓದಬಹುದು. ಡಾಕ್ಟರಿಗೆ ತೋರಿಸಿದ ಮೇಲೆ ಮಂಡಿ ಲಾಕ್ ಆಗಿದೆಯಾ ಇಲ್ಲವಾ, ಮೆನಿಸ್ಕಸ್ ಹೊಲಿಯಲು ಬರುತ್ತದಾ ಅಂತ ನನಗೆ ಬರೆಯಿರಿ. ಆಪರೇಷನ್ ದಿನಾಂಕ ನಿಲ್ಲುವುದು ಆ ಎರಡು ಉತ್ತರಗಳ ಮೇಲೆ.